ಕತ್ತಿಗೆ ಹಿಡಿದ ತಾಮ್ರ

"ದೊಡ್ಡಪ್ಪ ಯಾಕೆ ಕತ್ತೀನ ಡ್ರಮ್ಮಿನೊಳಗೆ ಅದ್ದಿ ಅದ್ದಿ ನೋಡ್ತಿದ್ರು?"

ಕೇಳಿದವಳು ರಜೆಗೆ ಬಂದ ಹುಡುಗಿ. ಮುಂದಿನ ತಿಂಗಳಿಂದ ದ್ವಿತೀಯ ಪಿಯುಸಿ. ಉತ್ತರ ಹೇಳಬೇಕಾದವರು ಅವಳ ದೊಡ್ಡಮ್ಮ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮಳೆ ಹಿಡಿಯುವುದರೊಳಗೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸದಿದ್ದರೆ ಕೊಳೆರೋಗ ಬಿಡುವುದಿಲ್ಲ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಅಂಗಳದ ಡ್ರಮ್ಮಿನಲ್ಲಿ ತಿಳಿನೀಲಿ ದ್ರಾವಣ ತಯಾರಾಗಿತ್ತು.

"ಸುಣ್ಣ ಸಾಕಾಯ್ತೋ ಇಲ್ವೋ ಅಂತ ನೋಡೋದು ಕಣೇ. ಸುಣ್ಣ ಸಾಲದಿದ್ರೆ ಮೈಲುತುತ್ತದ ತಾಮ್ರ ಬಿಡಿಯಾಗಿ ನೀರಲ್ಲೇ ಉಳಿಯುತ್ತೆ. ಹಾಗೇ ಹೊಡೆದ್ರೆ ಎಳೆಕಾಯಿ ಸುಟ್ಟು ಹೋಗುತ್ತೆ. ಉಜ್ಜಿ ಬೆಳಗಿದ ಕತ್ತೀನ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪಗೆ ಪದರ ಹಿಡಿದಿದ್ರೆ ಇನ್ನಷ್ಟು ಸುಣ್ಣ ಹಾಕ್ಬೇಕು. ಕಬ್ಬಿಣ ನೀರಿಗೆ ಇಳಿಯುತ್ತೆ, ತಾಮ್ರ ಆ ಜಾಗಕ್ಕೆ ಬಂದು ಕೂರುತ್ತೆ."

"ಅಂದ್ರೆ ಅದು ತಾಮ್ರದ ಅಯಾನಿನ ಟೆಸ್ಟು!"

"ಟೆಸ್ಟೇ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಂತ ಸಸ್ಯರೋಗ ತಜ್ಞರಿದ್ರು. ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ, 1910ರ ಹೊತ್ತಿಗೆ ಬೋರ್ಡೋ ಹೊಡೆಯೋಕೆ ಹೇಳಿಕೊಟ್ಟೋರು ಅವರು. ಲ್ಯಾಬು, ಬಾಟಲಿ ಇಲ್ಲದ ಕಡೆ ಕತ್ತಿಯೇ ಸಾಕಾಯ್ತು."

"ಕತ್ತಿಗೆ ಕೆಂಪು ಹಿಡೀಲಿಲ್ಲ ಅಂದ್ರೆ ತಾಮ್ರ ಇಲ್ಲ ಅಂತ ಬರೆದುಬಿಡಬಹುದಲ್ಲ?"

"ಕತ್ತಿಗೆ ಎಣ್ಣೆ ಅಂಟಿದ್ರೆ? ತುಕ್ಕು ಹಿಡಿದಿದ್ರೆ? ತಾಮ್ರ ಇದ್ರೂ ಕೂರೋದಿಲ್ಲ. ಅದಕ್ಕೇ ದೊಡ್ಡಪ್ಪ ಮೊದಲು ಬೂದಿ ಹಾಕಿ ಉಜ್ಜಿದ್ದು. ಬಣ್ಣ ಬಂದ್ರೆ ಅದಕ್ಕೊಂದು ಅರ್ಥ. ಬರಲಿಲ್ಲ ಅಂದ್ರೆ, ಬರಬೇಕಾದ ಹಾಗೆ ಟೆಸ್ಟ್ ಮಾಡಿದ್ವಾ ಅಂತ ಮೊದಲು ಕೇಳಿಕೊಳ್ಬೇಕು."

ಹುಡುಗಿಯ ಕೈಯಲ್ಲಿ ಸೀನಿಯರ್ ಒಬ್ಬಳ ರೆಕಾರ್ಡ್ ಪುಸ್ತಕವಿತ್ತು. ಸಾಲ್ಟ್ ಅನಾಲಿಸಿಸ್‌ನ ಪುಟಗಳಲ್ಲಿ ಮೂರು ಕಾಲಂ: ಮಾಡಿದ್ದೇನು, ಕಂಡಿದ್ದೇನು, ತಿಳಿದಿದ್ದೇನು. ಮೂರನೆಯ ಕಾಲಂನಲ್ಲಿ ಮೊದಲು 'ಮೇ ಬಿ ಕಾರ್ಬೊನೇಟ್', 'ಮೇ ಬಿ ಕ್ಲೋರೈಡ್' ಎಂದು ಬರುತ್ತದೆ. ಇನ್ನೊಂದು ಪರೀಕ್ಷೆ ಆದ ಮೇಲಷ್ಟೇ 'ಕನ್‌ಫರ್ಮ್ಡ್'. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ಆ ಎರಡರ ನಡುವೆ ಇರುವ ಕೆಲಸವೇ ರಸಾಯನಶಾಸ್ತ್ರದ ತಿರುಳು ಎಂದು ದೊಡ್ಡಮ್ಮ ನಂಬಿದವರು.

"ಸುಣ್ಣದ ತಿಳಿಯಿಂದಲೇ ಶುರು ಮಾಡೋಣ," ಎಂದರು.

ಹಿಂದಿನ ರಾತ್ರಿ ಎಲೆ ಅಡಿಕೆ ತಟ್ಟೆಯ ಸುಣ್ಣ ಒಂದಿಷ್ಟನ್ನು ನೀರಿಗೆ ಕದಡಿ ಇಟ್ಟಿದ್ದರು. ಬೆಳಿಗ್ಗೆ ಅಡಿಯಲ್ಲಿ ಬಿಳಿ ಗಸಿ, ಮೇಲೆ ಕನ್ನಡಿಯಂಥ ತಿಳಿ. ತಿಳಿಯನ್ನು ಮಾತ್ರ ಗಾಜಿನ ಲೋಟಕ್ಕೆ ಬಗ್ಗಿಸಿ, ಎಳನೀರಿನ ಸ್ಟ್ರಾ ಕೊಟ್ಟು, ಒಳಗೆ ಎಳೆದುಕೊಳ್ಳದೆ ಊದು ಎಂದರು. ಹುಡುಗಿ ಊದಿದಳು. ಒಂದೆರಡು ಉಸಿರಿಗೆ ಏನೂ ಆಗಲಿಲ್ಲ. ಆಮೇಲೆ ಗುಳ್ಳೆ ಏಳುವ ಜಾಗದಲ್ಲಿ ತೆಳ್ಳನೆ ಮಂಜು ಕಟ್ಟಿ, ನೋಡುತ್ತಿದ್ದಂತೆ ಲೋಟವಿಡೀ ಹಾಲಾಯಿತು. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು. ಸುಣ್ಣದ ಕಲ್ಲೂ ಅದೇ ವಸ್ತು. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಕೂಡ ಸುಣ್ಣದ ತಿಳಿಯೊಳಗೆ ಹೀಗೆಯೇ ಊದಿ, ಸುಣ್ಣದ ಕಲ್ಲನ್ನು ಸುಟ್ಟಾಗ ಹೊರಬರುವ ಅನಿಲವೇ ಮನುಷ್ಯನ ಉಸಿರಿನಲ್ಲೂ ಇದೆ ಎಂದು ತೋರಿಸಿದ್ದ.

"ನಿಲ್ಲಿಸಬೇಡ, ಇನ್ನೂ ಊದು."

ಬಹಳ ಹೊತ್ತು ಊದಿದ ಮೇಲೆ ಹಾಲು ನೀರಾಗತೊಡಗಿತು. ಹೆಚ್ಚಿನ ಅನಿಲ ಸೇರಿದಾಗ ಕಾರ್ಬೊನೇಟು ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗಿಬಿಡುತ್ತದೆ.

"ಅಯ್ಯೋ, ಈಗಷ್ಟೇ ನೋಡಿದವರು ಏನೂ ಇಲ್ಲ ಅಂತ ಬರೀತಾರೆ!"

"ಬರೀತಾರೆ, ಅದಕ್ಕೇ ಕೊನೇವರೆಗೆ ಕಣ್ಣಿಟ್ಟು ನೋಡ್ಬೇಕು. ಈಗ ಇದನ್ನ ಕಾಯಿಸಿದ್ರೆ ಮತ್ತೆ ಬೆಳ್ಳಗಾಗುತ್ತೆ. ಗಡಸು ನೀರಿನ ಪಾತ್ರೆಗೆ ಬಿಳಿ ಕಟ್ಟೋದೂ ಹೀಗೇ. ಸರಿ, ಹಾಲಾಗಿದ್ದು ಇಂಗಾಲದ ಡೈಆಕ್ಸೈಡಿಗೇ ಅಂತ ಹೇಗೆ ಗೊತ್ತು?"

"ಪುಸ್ತಕದಲ್ಲಿ ಹಾಗೇ ಇದೆಯಲ್ಲ."

"ಗಂಧಕದ ಡೈಆಕ್ಸೈಡ್ ಬಿಟ್ರೂ ಸುಣ್ಣದ ತಿಳಿ ಹಾಲಾಗುತ್ತೆ. ಜಾಸ್ತಿ ಬಿಟ್ರೆ ಅದೂ ತಿಳಿಯಾಗುತ್ತೆ."

ಹುಡುಗಿ ಪೆನ್ನು ಕೆಳಗಿಟ್ಟಳು. ದೊಡ್ಡಮ್ಮ ದಾರಿ ಹೇಳಿದರು: ಪೊಟ್ಯಾಸಿಯಂ ಡೈಕ್ರೋಮೇಟಿಗೆ ಆಮ್ಲ ಬೆರೆಸಿ ಅದ್ದಿದ ಕಾಗದವನ್ನು ಅನಿಲಕ್ಕೆ ಹಿಡಿಯಬೇಕು. ಕಿತ್ತಳೆ ಬಣ್ಣ ಹಸಿರಿಗೆ ತಿರುಗಿದರೆ ಗಂಧಕದ್ದು, ತಿರುಗದಿದ್ದರೆ ಇಂಗಾಲದ್ದು. ಕೆಂಡದ ಕಡ್ಡಿಯದ್ದೂ ಇದೇ ಕಥೆ. ಆರಿಸಿದ ಕಡ್ಡಿಯ ಕೆಂಡ ಪ್ರನಾಳದೊಳಗೆ ಭಗ್ಗನೆ ಹೊತ್ತಿಕೊಂಡರೆ ಆಮ್ಲಜನಕ ಎಂದು ಎಲ್ಲರೂ ಕಲಿತಿರುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಕೂಡ ಕೆಂಡವನ್ನು ಹೊತ್ತಿಸುತ್ತದೆ. ಜಲಜನಕದ 'ಪಟ್' ಸದ್ದು, ಒದ್ದೆ ಲಿಟ್ಮಸ್ಸಿನ ಬಣ್ಣವನ್ನೇ ತೊಳೆದುಹಾಕುವ ಕ್ಲೋರಿನ್, ಕಂದು ಹೊಗೆಯ ನೈಟ್ರೊಜನ್ ಡೈಆಕ್ಸೈಡ್ ಇವನ್ನೆಲ್ಲ ಅವರು ಬೇಗ ದಾಟಿಸಿದರು. ನಿಂತದ್ದು ಅಮೋನಿಯಾದಲ್ಲಿ.

"ಲಿಟ್ಮಸ್ ಇಲ್ದಿದ್ರೂ ಅಮೋನಿಯಾ ಹಿಡೀಬಹುದು. ಅರಿಶಿನದ ಕಾಗದ ಒದ್ದೆ ಮಾಡಿ ಹಿಡಿ, ಕೆಂಪಗಾಗುತ್ತೆ. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸ್ತೀವಲ್ಲ, ಅದೇ ಕೆಂಪು. ಕ್ಷಾರ ಸೋಕಿದ್ರೆ ಅರಿಶಿನ ಹೀಗೆ ತಿರುಗುತ್ತೆ. ಆದ್ರೆ ಕೇರಂ ಬೋರ್ಡಿಗೆ ಹಾಕೋ ಪೌಡರ್ ಇದೆಯಲ್ಲ, ಬೋರಿಕ್ ಪೌಡರ್? ಅದು ಆಮ್ಲ. ಅದನ್ನ ನೀರಲ್ಲಿ ಕರಗಿಸಿ, ಒಂದು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಅರಿಶಿನದ ಕಾಗದ ಅದ್ದಿ ಒಣಗಿಸಿದ್ರೂ ಕೆಂಪು!"

"ಹಾಗಾದ್ರೆ ಬೇರೆ ಮಾಡೋದು ಹೇಗೆ?"

"ಆ ಕೆಂಪಿನ ಮೇಲೆ ಒಂದು ಹನಿ ಕಾಸ್ಟಿಕ್ ಸೋಡಾ ಬಿಡು. ಬೋರಿಕ್ ಆದ್ರೆ ಹಸಿರುಗಪ್ಪಾಗುತ್ತೆ. ಸುಣ್ಣದ ಕೆಂಪು ಹಾಗಾಗಲ್ಲ. ಒಂದೇ ಬಣ್ಣ ಎರಡು ದಾರಿಯಿಂದ ಬಂದಾಗ, ಆ ದಾರಿಗಳು ಎಲ್ಲಿ ಕವಲೊಡೀತವೆ ಅಂತ ಹುಡುಕೋದೇ ನಮ್ಮ ಕೆಲಸ."

ಅನಿಲಗಳ ಮಾತು ವಾಸನೆಗೆ ಬಂದಾಗ ದೊಡ್ಡಮ್ಮನ ದನಿ ಗಟ್ಟಿಯಾಯಿತು. ಪ್ರನಾಳಕ್ಕೆ ಮೂಗಿಟ್ಟು ಎಳೆದುಕೊಳ್ಳುವವರನ್ನು ಕಂಡರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಕೈಯಿಂದ ಮೆಲ್ಲನೆ ಬೀಸಿಕೊಂಡು ನೋಡಬೇಕು, ಅಷ್ಟೇ.

"ಕೊಳೆತ ಮೊಟ್ಟೆ ನಾತ ಬಂದ್ರೆ ಹೈಡ್ರೊಜನ್ ಸಲ್ಫೈಡ್, ಅಲ್ವಾ ದೊಡ್ಡಮ್ಮ?"

"ನಾತ ಬಂದ್ರೆ ಹೌದು. ಲೆಡ್ ಅಸಿಟೇಟ್ ಕಾಗದ ಹಿಡಿದ್ರೆ ಕಪ್ಪಾಗುತ್ತೆ, ಅದೇ ಖಾತ್ರಿ. ನಾತ ಬರಲಿಲ್ಲ ಅಂದ್ರೆ ಅನಿಲ ಇಲ್ಲ ಅಂತ ಮಾತ್ರ ಅಂದ್ಕೋಬೇಡ. ಹತ್ತು ಲಕ್ಷ ಭಾಗ ಗಾಳೀಲಿ ಒಂದು ಭಾಗ ಇಲ್ದಿದ್ರೂ ಮೂಗಿಗೆ ಗೊತ್ತಾಗೋ ಅನಿಲ ಇದು. ಅದೇ ನೂರು ಭಾಗದ ಹತ್ತಿರ ಬಂದಾಗ ಮೂಗೇ ಸತ್ತುಹೋಗುತ್ತೆ. ನಾತ ಹೋಯ್ತಲ್ಲ ಅಂತ ಮುಂದೆ ಇಳಿದವರು ವಾಪಸ್ ಬರಲ್ಲ. ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಇಳಿದವರು ಒಬ್ಬರ ಹಿಂದೆ ಒಬ್ಬರು ಸಾಯೋದು ಹೀಗೇ. ರಕ್ಷಣೆ ಇಲ್ದೆ ಮನುಷ್ಯರನ್ನ ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಆಗಿದೆ. ಆದ್ರೂ ಇಳಿಸ್ತಾರೆ."

"ನಮ್ಮ ಹಾಳುಬಾವಿಗೆ ಇಳಿಯೋ ಮುಂಚೆ ಲಾಟೀನು ಇಳಿಬಿಡ್ತಿದ್ರಂತೆ ಅಲ್ವಾ?"

"ಹೌದು, ಅಜ್ಜನ ಕಾಲದಲ್ಲಿ. ಗಾಳೀಲಿ ಆಮ್ಲಜನಕ ಶೇ 21ರಷ್ಟಿರುತ್ತೆ. ಶೇ 16ರ ಆಸುಪಾಸಿಗೆ ಇಳಿದ್ರೆ ದೀಪ ಆರುತ್ತೆ. ಅದನ್ನ ಲಾಟೀನು ಸರಿಯಾಗೇ ಹೇಳುತ್ತೆ. ಆದ್ರೆ ವಿಷಾನಿಲ ಇದ್ದು ಆಮ್ಲಜನಕವೂ ಸಾಕಷ್ಟಿದ್ರೆ ದೀಪ ಚೆನ್ನಾಗೇ ಉರೀತಿರುತ್ತೆ, ಇಳಿದ ಮನುಷ್ಯ ಸಾಯ್ತಾನೆ. ಮೀಥೇನ್ ತುಂಬಿದ್ರೆ ಲಾಟೀನೇ ಬೆಂಕಿ ಹಚ್ಚುತ್ತೆ. ಆ ಟೆಸ್ಟನ್ನ ಇವತ್ತು ಯಾರೂ ಮಾಡಬಾರದು. ಗ್ಯಾಸ್ ಮೀಟರ್ ಇಲ್ದೆ ಬಾವಿಗೂ ಇಳೀಬಾರದು, ಗುಂಡಿಗೂ ಇಳೀಬಾರದು."

ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ನಿಂತವರು ಪ್ರಾಣ ಬಿಟ್ಟ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಅಲ್ಲಿ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಲಿಟ್ಮಸ್ ತಿರುಗುವುದಿಲ್ಲ, ಸುಣ್ಣದ ತಿಳಿ ಹಾಲಾಗುವುದಿಲ್ಲ. ರಕ್ತದ ಹಿಮೊಗ್ಲೋಬಿನ್ ಮಾತ್ರ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಡುಗೆ ಅನಿಲಕ್ಕೂ ಸ್ವಂತ ವಾಸನೆ ಇಲ್ಲದಿರುವುದರಿಂದಲೇ ಕಂಪನಿಯವರು ನಾರುವ ಮರ್ಕ್ಯಾಪ್ಟನ್ ಬೆರೆಸಿ ಕಳಿಸುತ್ತಾರೆ. ಮೊನಾಕ್ಸೈಡಿಗೆ ಹಾಗೆ ಬೆರೆಸಿ ಕೊಡುವವರಿಲ್ಲ. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸುವುದೇ ಅದಕ್ಕೆ ಉಪಾಯ.

ಊಟವಾದ ಮೇಲೆ ಮಾತು ಅಯಾನುಗಳಿಗೆ ತಿರುಗಿತು.

"ಕ್ಲೋರೈಡಿಗೆ ಸಿಲ್ವರ್ ನೈಟ್ರೇಟ್ ಹಾಕಿದ್ರೆ ಬಿಳಿ ಪ್ರಕ್ಷೇಪ. ಅದಕ್ಕಿಂತ ಮುಂಚೆ ನೈಟ್ರಿಕ್ ಆಮ್ಲ ಯಾಕೆ ಹಾಕಿಸ್ತಾರೆ ಅಂತ ಯಾರೂ ಹೇಳಿಕೊಡಲ್ಲ, ಹಾಕು ಅಂತಾರೆ ಅಷ್ಟೇ."

"ಕಾರ್ಬೊನೇಟ್ ಇದ್ರೂ ಸಿಲ್ವರ್ ಬೆಳ್ಳಗೆ ಕೂರುತ್ತಲ್ಲ. ಆಮ್ಲ ಹಾಕಿದ್ರೆ ಕಾರ್ಬೊನೇಟ್ ಗುಳ್ಳೆಯಾಗಿ ಹೋಗಿಬಿಡುತ್ತೆ, ಕ್ಲೋರೈಡ್ ಉಳಿಯುತ್ತೆ. ಅಲ್ಲಿಗೂ ಬರೀ 'ಮೇ ಬಿ'. ಬ್ರೋಮೈಡ್, ಅಯೊಡೈಡ್ ಕೂಡ ಸಿಲ್ವರ್ ಜೊತೆ ಕೂರುತ್ತವೆ. ಅಮೋನಿಯಾ ಹಾಕು: ಕ್ಲೋರೈಡಿನ ಬಿಳುಪು ಕರಗಿ ಹೋಗುತ್ತೆ, ಬ್ರೋಮೈಡಿನ ತಿಳಿ ಹಳದಿ ಕರಗಲೋ ಬೇಡವೋ ಅನ್ನುತ್ತೆ, ಅಯೊಡೈಡಿನ ಹಳದಿ ಜಗ್ಗೋದೇ ಇಲ್ಲ."

"ಸಲ್ಫೇಟಿಗೆ ಬೇರಿಯಂ ಕ್ಲೋರೈಡ್ ಹಾಕಿ, ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕೋದೂ ಅದಕ್ಕೇನಾ?"

"ಅದಕ್ಕೇ. ಕರಗದೆ ಉಳಿದ್ರೆ ಸಲ್ಫೇಟ್."

ಉಪ್ಪಿನ ಡಬ್ಬಿ ಎದುರಿಗೇ ಇತ್ತು. ನಮ್ಮ ಅಯೊಡಿನ್ ಉಪ್ಪಿನಲ್ಲಿ ಇರುವುದು ಪೊಟ್ಯಾಸಿಯಂ ಅಯೊಡೇಟ್. ಆಶಾ ಕಾರ್ಯಕರ್ತೆಯರ ಉಪ್ಪು ಪರೀಕ್ಷೆಯ ಕಿಟ್‌ನ ದ್ರಾವಣ ಒಂದು ಹನಿ ಬಿಟ್ಟರೆ ಉಪ್ಪು ನೇರಳೆ ಮಿಶ್ರಿತ ನೀಲಿಯಾಗುವುದು, ಆ ದ್ರಾವಣದ ಪಿಷ್ಟಕ್ಕೆ ಬಿಡುಗಡೆಯಾದ ಅಯೊಡಿನ್ ಅಂಟುವುದರಿಂದ. ಉಪ್ಪು ಕ್ಷಾರಗುಣದ್ದಾಗಿದ್ದರೆ ಅಯೊಡೇಟ್ ಇದ್ದರೂ ಬಣ್ಣ ಬರುವುದಿಲ್ಲ. ಅದಕ್ಕಾಗಿ ಕಿಟ್‌ನಲ್ಲೇ ಮರುಪರೀಕ್ಷೆಯ ಇನ್ನೊಂದು ಬಾಟಲಿ ಇಟ್ಟಿರುತ್ತಾರೆ. ಕತ್ತಿಯ ಎಣ್ಣೆ ಮಾಡುವ ಕೆಲಸವನ್ನು ಇಲ್ಲಿ ಕ್ಷಾರ ಮಾಡುತ್ತದೆ.

"ಕ್ಯಾಟಯಾನಿನ ಗ್ರೂಪುಗಳದ್ದೇ ನಂಗೆ ತಲೆನೋವು. ಜೀರೋದಿಂದ ಆರರವರೆಗೆ, ಒಂದಾದ ಮೇಲೆ ಒಂದು. ಮಧ್ಯದ್ದು ನೇರ ಮಾಡಿದ್ರೆ ಏನಾಗುತ್ತೆ?"

"ನೇರ ನಾಲ್ಕನೇ ಗ್ರೂಪ್ ಮಾಡಿದೆ ಅನ್ನು. ಅಮೋನಿಯಾ ಬೆರೆಸಿ ಹೈಡ್ರೊಜನ್ ಸಲ್ಫೈಡ್ ಬಿಟ್ಟೆ, ಕಪ್ಪು ಬಂತು. ನಿಕ್ಕಲ್ ಅಂತ ಬರೀತೀಯ. ಆದ್ರೆ ತಾಮ್ರವೂ ಕಪ್ಪೇ, ಸೀಸವೂ ಕಪ್ಪೇ. ಕ್ರಮವಾಗಿ ಬಂದಿದ್ರೆ ಸೀಸ ಹೈಡ್ರೋಕ್ಲೋರಿಕ್ ಆಮ್ಲಕ್ಕೇ ಮೊದಲು ಕೂತಿರೋದು. ತಾಮ್ರ ಆಮ್ಲದಲ್ಲೇ ಸಲ್ಫೈಡಾಗಿ ಇಳಿದಿರೋದು. ಆಮ್ಲ ಇದ್ದಾಗ ಸಲ್ಫೈಡ್ ಅಯಾನು ತೀರಾ ಕಡಿಮೆ ಇರುತ್ತೆ. ಅಷ್ಟರಲ್ಲೇ ಕೂರೋದು ತಾಮ್ರದಂಥವು ಮಾತ್ರ, ನಿಕ್ಕಲ್ಲಿಗೆ ಅಷ್ಟು ಸಾಲಲ್ಲ. ಜರ್ಮನಿಯ ಫ್ರೆಸೇನಿಯಸ್ 1841ರಲ್ಲಿ ಗುಣಾತ್ಮಕ ವಿಶ್ಲೇಷಣೆಯ ಪುಸ್ತಕ ಬರೆದು ಈ ಬಗೆಯ ಸಾಲನ್ನ ಮಕ್ಕಳ ಕೈಗೆ ಕೊಟ್ಟಿದ್ದು. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಜನ ಇಳಿದುಹೋಗ್ಬೇಕು. ಕೊನೇಲಿ ಉಳಿದವರನ್ನ ಗುರುತಿಸೋದು ಸುಲಭ."

ಸೀಸದ ಮಾತು ಬಂದಾಗ ಅವರು ಕಾಲೇಜಿನಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಪ್ರಯೋಗವನ್ನು ವಿವರಿಸದೆ ಬಿಡಲಿಲ್ಲ. ಸೀಸದ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಬಿಟ್ಟ ತಕ್ಷಣ ದಟ್ಟ ಹಳದಿ ಪ್ರಕ್ಷೇಪ. ನೀರು ಸೇರಿಸಿ ಕಾಯಿಸಿದರೆ ಅದು ಕರಗಿ, ಪ್ರನಾಳದಲ್ಲಿ ಏನೂ ಇಲ್ಲವೆಂಬಷ್ಟು ತಿಳಿಯಾಗುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸಿ ಆರಲು ಬಿಡಬೇಕು. ಕೆಲವು ನಿಮಿಷಗಳಲ್ಲಿ ಒಂದು ಹೊಳಪು ತೇಲುತ್ತದೆ, ಇನ್ನೊಂದು, ಮತ್ತೊಂದು. ಕಡೆಗೆ ಆರು ಮೂಲೆಯ ಚಿನ್ನದ ರೇಕುಗಳು ಸುತ್ತುತ್ತ ಸುತ್ತುತ್ತ ತಳಕ್ಕಿಳಿಯುತ್ತವೆ. ಹಳದಿ ಪ್ರಕ್ಷೇಪ ಕೊಡುವ ಅಯಾನುಗಳು ಬೇರೆಯೂ ಇವೆ. ಬಿಸಿಗೆ ಕರಗಿ ತಣಿದಾಗ ಹೀಗೆ ಚಿನ್ನವಾಗಿ ಬರುವುದು ಸೀಸದ ಗುರುತು. ಆ ದ್ರಾವಣವನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಬೇಕೆಂದು ಹೇಳುವುದನ್ನೂ ಅವರು ಮರೆಯಲಿಲ್ಲ.

"ಫ್ಲೇಮ್ ಟೆಸ್ಟ್ ನಂಗಿಷ್ಟ. ಆದ್ರೆ ಏನಿಟ್ಟರೂ ಹಳದೀನೇ ಬರುತ್ತೆ."

"ಸೋಡಿಯಂ! ಬೆವರಲ್ಲಿದೆ, ಧೂಳಲ್ಲಿದೆ. ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಇದನ್ನ ಅಳೆದೇ ನೋಡಿದ್ರು. ಕೋಣೆಯ ಒಂದು ಮೂಲೇಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟ್ ಸಿಡಿಸಿ, ದೂರದಲ್ಲಿ ಇಟ್ಟ ಜ್ವಾಲೆ ನೋಡ್ತಾ ಕೂತ್ರು. ಕೆಲವೇ ನಿಮಿಷಕ್ಕೆ ಜ್ವಾಲೆ ಹಳದಿ. ಅದಕ್ಕೇ ಪ್ಲಾಟಿನಂ ತಂತೀನ ಆಮ್ಲದಲ್ಲಿ ಅದ್ದಿ, ಕಾಯಿಸಿ, ಬಣ್ಣ ಹೋಗೋವರೆಗೂ ಶುದ್ಧ ಮಾಡಿಸೋದು. ಪೊಟ್ಯಾಸಿಯಂನ ತಿಳಿ ನೇರಳೆಯನ್ನ ಸೋಡಿಯಂ ಮುಚ್ಚಿಹಾಕುತ್ತೆ. ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡಿದ್ರೆ ಹಳದಿ ಅಲ್ಲೇ ತಡೆದು, ನೇರಳೆ ಕಾಣುತ್ತೆ."

ಬಣ್ಣವನ್ನು ಕಣ್ಣಿನ ಅಂದಾಜಿಗೆ ಬಿಡದೆ, ಅದನ್ನು ಪಟ್ಟಕದಿಂದ ಗೆರೆಗಳಾಗಿ ಒಡೆದು ನೋಡಿದ್ದು ಅದೇ ಇಬ್ಬರ ದೊಡ್ಡ ಕೆಲಸ. ಡ್ಯುರ್ಕ್‌ಹೈಮ್ ಊರಿನ ಖನಿಜ ನೀರನ್ನು ಹಾಗೆ ನೋಡಿದಾಗ, ಗೊತ್ತಿರುವ ಯಾವ ಧಾತುವಿಗೂ ಸೇರದ ಎರಡು ನೀಲಿ ಗೆರೆ ಕಂಡವು. 1860ರಲ್ಲಿ ಸೀಸಿಯಂ ಪತ್ತೆಯಾದದ್ದು ಹೀಗೆ.

"ಟೆಸ್ಟಿನ ಈ ತಪ್ಪುಗಳಿಂದ ನಿಜವಾಗಿ ಯಾರಿಗಾದ್ರೂ ತೊಂದರೆ ಆಗಿದೆಯಾ? ಅಥವಾ ಮಾರ್ಕ್ಸ್ ಹೋಗೋದಷ್ಟೇನಾ?"

ದೊಡ್ಡಮ್ಮ 1833ರ ಇಂಗ್ಲೆಂಡಿನ ಒಂದು ಮೊಕದ್ದಮೆ ಹೇಳಿದರು. ಜಾನ್ ಬೋಡಲ್ ಎಂಬಾತ ತನ್ನ ಅಜ್ಜನ ಕಾಫಿಗೆ ಆರ್ಸೆನಿಕ್ ಬೆರೆಸಿದನೆಂಬ ಆರೋಪ. ರಸಾಯನಜ್ಞ ಜೇಮ್ಸ್ ಮಾರ್ಷ್ ಹೈಡ್ರೊಜನ್ ಸಲ್ಫೈಡ್ ಹಾಯಿಸಿ ಹಳದಿ ಪ್ರಕ್ಷೇಪ ಪಡೆದಿದ್ದ. ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು, ಆರೋಪಿ ಬಿಡುಗಡೆಯಾದ. ಹಠ ಹಿಡಿದ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದ. ಅನುಮಾನದ ವಸ್ತುವನ್ನು ಸತು ಮತ್ತು ಆಮ್ಲದ ಜೊತೆ ಹಾಕಿದರೆ ಆರ್ಸೆನಿಕ್ ಅನಿಲವಾಗಿ ಹೊರಡುತ್ತದೆ. ಕಾಯಿಸಿದ ಗಾಜಿನ ನಳಿಗೆಯಲ್ಲಿ ಅದು ಕನ್ನಡಿಯಂತೆ ಕಟ್ಟಿಕೊಳ್ಳುತ್ತದೆ. ಆ ಕನ್ನಡಿ ಕೆಡುವುದಿಲ್ಲ.

"ಅಲ್ಲಿಗೆ ಮುಗೀತಲ್ಲ."

"ಎಲ್ಲಿ ಮುಗೀತು? ಆಂಟಿಮನಿ ಇದ್ರೂ ಕನ್ನಡಿ ಕಟ್ಟುತ್ತೆ. ಸೋಡಿಯಂ ಹೈಪೋಕ್ಲೋರೈಟಿಗೆ ಆರ್ಸೆನಿಕ್ಕಿನ ಕನ್ನಡಿ ಕರಗುತ್ತೆ, ಆಂಟಿಮನಿಯದ್ದು ಕರಗಲ್ಲ. ಅದಕ್ಕಿಂತ ಭಯಂಕರ ಇನ್ನೊಂದಿದೆ. ಆಗಿನ ಸತುವಿನಲ್ಲಿ, ಆಮ್ಲದಲ್ಲಿ ಆರ್ಸೆನಿಕ್ ಬೆರೆತೇ ಬರ್ತಿತ್ತು. ಸತ್ತವನ ಹೊಟ್ಟೇಲಿ ಇಲ್ಲದ ವಿಷ ಬಾಟಲಿಯಿಂದಲೇ ಬಂದ್ರೆ? ನಿರಪರಾಧಿ ಗಲ್ಲಿಗೆ ಹೋಗ್ಬೇಕಾಗುತ್ತೆ. ಮೊದಲು ಸತು, ಆಮ್ಲ ಎರಡನ್ನೇ ಹಾಕಿ ನೋಡ್ಬೇಕು, ಏನೂ ಕಟ್ಟಬಾರದು. ಆಮೇಲೇ ಅನುಮಾನದ ವಸ್ತು. ಬ್ಲ್ಯಾಂಕ್ ಅಂತ ಮಾಡಿಸ್ತಾರಲ್ಲ, ಅದು ಇಷ್ಟು ಮುಖ್ಯ."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಒಂದು ವಸ್ತು ಏನು ಅಂತ ಗೊತ್ತಾಯ್ತು. ಅದು ಶುದ್ಧವಾಗಿದೆಯಾ ಅಂತ ಹೇಗೆ ಹೇಳೋದು? ನೀರಿಗೆ ಬಿಳಿ ಮೈಲುತುತ್ತ ನೀಲಿಯಾಗುತ್ತಲ್ಲ, ಅದೇ ಸಾಕಲ್ವಾ?"

"ಚೆನ್ನಾಗಿ ಕಾಯಿಸಿ ನೀರು ತೆಗೆದ ಮೈಲುತುತ್ತ ಬಿಳಿ ಪುಡಿ. ಒಂದು ಹನಿ ನೀರು ಬಿದ್ರೆ ನೀಲಿ. ಚರಂಡಿ ನೀರು ಹಾಕಿದ್ರೂ ನೀಲಿ, ಮಜ್ಜಿಗೆ ಹಾಕಿದ್ರೂ ನೀಲಿ. ಅದಕ್ಕೆ ಗೊತ್ತಿರೋದು ನೀರು ಇದೆ ಅನ್ನೋದು ಮಾತ್ರ. ಶುದ್ಧವಾ ಅಂತ ಕೇಳಿದ್ರೆ ಎಷ್ಟಕ್ಕೆ ಕುದಿಯುತ್ತೆ, ಎಷ್ಟಕ್ಕೆ ಹೆಪ್ಪುಗಟ್ಟುತ್ತೆ ಅಂತ ನೋಡ್ಬೇಕು."

"100 ಡಿಗ್ರಿ."

"ಮಂಗಳೂರಲ್ಲಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಶುದ್ಧ ನೀರೂ 97ರ ಹತ್ತಿರಕ್ಕೇ ಕುದಿಯುತ್ತೆ. ಗಾಳಿಯ ಒತ್ತಡ ಬರೀದೆ ಕುದಿಬಿಂದು ಬರೆದ್ರೆ ಬಟ್ಟಿ ಇಳಿಸಿದ ನೀರನ್ನೇ ಕಲಬೆರಕೆ ಅಂತೀಯ."

ಶುದ್ಧತೆಯ ಪ್ರಶ್ನೆಯನ್ನು ಪಟ್ಟಾಗಿ ಹಿಡಿದರೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಭೌತವಿಜ್ಞಾನಿ ಲಾರ್ಡ್ ರೇಲಿ ಸಾಕ್ಷಿ. ಗಾಳಿಯಿಂದ ಆಮ್ಲಜನಕ, ತೇವ, ಇಂಗಾಲದ ಡೈಆಕ್ಸೈಡ್ ತೆಗೆದು ಉಳಿದ ಸಾರಜನಕವನ್ನು ಆತ ತೂಗಿದ: ಲೀಟರಿಗೆ 1.2572 ಗ್ರಾಂ. ಅಮೋನಿಯಾದಂಥ ಸಂಯುಕ್ತಗಳಿಂದ ತಯಾರಿಸಿದ ಸಾರಜನಕ ತೂಗಿದ: 1.2505 ಗ್ರಾಂ. ಎರಡೂ ಸಾರಜನಕದ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗುವಂಥವು. ಕಡ್ಡಿ ಆರಿಸುತ್ತವೆ, ಸುಣ್ಣದ ತಿಳಿ ಹಾಗೇ ಇರುತ್ತದೆ. ವ್ಯತ್ಯಾಸ ಅರ್ಧ ಶೇಕಡಾದಷ್ಟು. ಬೇರೆ ಯಾರಾದರೂ ಅಳತೆಯ ದೋಷವೆಂದು ಬಿಟ್ಟುಬಿಡುತ್ತಿದ್ದರು. ರೇಲಿ ಬಿಡಲಿಲ್ಲ. ರಸಾಯನಜ್ಞ ರಾಮ್ಸೆ ಜೊತೆಗೂಡಿ, ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಹಾಯಿಸಿ ಹಾಯಿಸಿ ಹೀರಿಸಿದಾಗ, ಯಾವುದರೊಂದಿಗೂ ಸೇರದ ಒಂದು ಅನಿಲ ಉಳಿಯಿತು. 1894ರಲ್ಲಿ ಪ್ರಕಟವಾದ ಆ ಅನಿಲವೇ ಆರ್ಗಾನ್, ನಾವು ಉಸಿರಾಡುವ ಗಾಳಿಯ ಸುಮಾರು ನೂರನೇ ಒಂದು ಭಾಗ. 1785ರಲ್ಲೇ ಹೆನ್ರಿ ಕ್ಯಾವೆಂಡಿಷ್, ಏನು ಮಾಡಿದರೂ ಹೋಗದ ಒಂದು ಸಣ್ಣ ಗುಳ್ಳೆ ಉಳಿಯಿತೆಂದೂ ಅದು ಇಡೀ ಸಾರಜನಕದ 120ರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲವೆಂದೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದ.

"ಪಿಯು ಲ್ಯಾಬಲ್ಲಿ ಅಷ್ಟು ತೂಗೋಕಾಗಲ್ಲವಲ್ಲ ದೊಡ್ಡಮ್ಮ."

"ಬೇಡ. ಕರಗುಬಿಂದು ಸಾಕು. ಶುದ್ಧ ಬೆನ್ಜೋಯಿಕ್ ಆಮ್ಲ 122 ಡಿಗ್ರಿಗೆ ಟಕ್ಕಂತ ಕರಗುತ್ತೆ. ಏನಾದ್ರೂ ಬೆರೆತಿದ್ರೆ ಮೊದಲೇ ಮೆತ್ತಗಾಗಿ, ಐದಾರು ಡಿಗ್ರಿ ಎಳೆದಾಡಿ ಕರಗುತ್ತೆ. ಈಗ ಒಂದು ಒಗಟು. ಬಿಳಿ ಪುಡಿ, 133ಕ್ಕೆ ಕರಗಿತು. ಯೂರಿಯಾ 133, ದಾಲ್ಚಿನ್ನಿ ಸಂಬಂಧದ ಸಿನಮಿಕ್ ಆಮ್ಲವೂ 133. ನಿನ್ನ ಕೈಲಿರೋದು ಯಾವುದು?"

"ರುಚಿ ನೋಡೋ ಹಾಗಿಲ್ಲ... ಆಮ್ಲ ಅಂದ್ರೆ ಲಿಟ್ಮಸ್ ಹಚ್ಚಬಹುದು."

"ಸರಿ, ಒಂದು ದಾರಿ ಅದು. ಇನ್ನೊಂದು, ನಿನ್ನ ಪುಡೀನ ಎರಡು ಪಾಲು ಮಾಡು. ಒಂದಕ್ಕೆ ಲ್ಯಾಬಿನ ಯೂರಿಯಾ ಬೆರೆಸಿ ಅರೆ, ಇನ್ನೊಂದಕ್ಕೆ ಸಿನಮಿಕ್ ಆಮ್ಲ. ಎರಡನ್ನೂ ಕಾಯಿಸು. ಅದೇ ವಸ್ತು ಬೆರೆಸಿದ್ರೆ ಕರಗುಬಿಂದು ಕದಲಲ್ಲ. ಬೇರೆಯದು ಬೆರೆಸಿದ್ರೆ, ಎರಡೂ 133ರವೇ ಆಗಿದ್ರೂ, ಮಿಶ್ರಣ ಅದಕ್ಕಿಂತ ತುಂಬ ಕೆಳಗೇ ಕರಗಿಬಿಡುತ್ತೆ."

"ತೋಟದ ಚೀಲದ ಯೂರಿಯಾ ಬಳಸಬಹುದಾ?"

"ಬೇಡ, ಅದಕ್ಕೆ ಬೇವಿನೆಣ್ಣೆ ಲೇಪ ಇರುತ್ತೆ. ಬಿಸಿ ನೀರಲ್ಲಿ ಕರಗಿಸಿ, ಸೋಸಿ, ತಣಿಸಿ ಹರಳು ಮಾಡ್ಕೋ. ಎರಡು ಸಲ ಹರಳು ಕಟ್ಟಿಸಿದ ಮೇಲೆ ಕರಗುಬಿಂದು ನೋಡು. ಮೂರನೇ ಸಲ ಕಟ್ಟಿಸಿದ್ರೂ ಅಷ್ಟೇ ಬಂದ್ರೆ ಬಳಸು. ರೆಕಾರ್ಡಲ್ಲಿ 133 ಅಂತ ಒಂದೇ ಅಂಕಿ ಬರೀಬೇಡ. ಎಷ್ಟರಲ್ಲಿ ಶುರುವಾಯ್ತು, ಎಷ್ಟಕ್ಕೆ ಪೂರ್ತಿ ಕರಗ್ತು, ಎರಡನ್ನೂ ಬರಿ."